ಓದಾಕಂತ ಫೋನ್ ತಗದ್ರ ಮಧ್ಯಾಹ್ನ ಆಗಿರ್ತೇತಿ, ಫೋನ್ ಇಟ್ಕೊಂಡ ಟೈಮ್ ಉಳಿಸೋದು ಹೆಂಗ್ರಿ?

ಸಪ್ತಾಪುರ_ರೂಮ್‌ಮೇಟ್

ನಮಸ್ಕಾರ್ರಿ ಎಲ್ಲಾರಿಗೂ. ನಾ ಧಾರವಾಡದಾಗ ಸಪ್ತಾಪುರದ ಕಡೆ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದಾಕತ್ತೀನಿ, ನಡುಬರಕ ಪಿಡಿಓ, ವಿಎಓ, ಎಫ್‌ಡಿಎ ಅಂತ ಯಾವ ಸರಕಾರಿ ಹುದ್ದೆ ಕರದ್ರೂ ಅರ್ಜಿ ಹಾಕೂದ. ಮೊದಲ ಒಂದ್ ಮಾತ್ ಹೇಳಿಬಿಡ್ತೀನಿ, "ಫೋನ್ ತಗದು ಒಗಿ" ಅಂತ ಮಾತ್ರ ಯಾರೂ ಹೇಳಬ್ಯಾಡ್ರಿ, ಅದನ್ನ ನಮ್ಮಪ್ಪಾರು ಫೋನ್ ಹಚ್ಚಿದಾಗೆಲ್ಲಾ ಹೇಳ್ತಾರ (ಫೋನ್‌ನಾಗ). ಒಗದ್ರ ಓದೂದ ಬಂದ್ ಆಕ್ಕೇತಿ. ಕ್ಲಾಸ್ ಅರ್ಧ ಆನ್‌ಲೈನ್, ಟೆಸ್ಟ್ ಸೀರೀಸ್ ಆ್ಯಪ್‌ನಾಗ, ಕರೆಂಟ್ ಅಫೇರ್ಸ್ ಪಿಡಿಎಫ್ ಟೆಲಿಗ್ರಾಮ್‌ನಾಗ, ಮನಿಯಿಂದ ರೊಕ್ಕಾ ಬರೂದು ಯುಪಿಐನಾಗ, ಮೆಸ್ಸಿಗೆ ಕೊಡೂದೂ ಅದರಾಗ, ಹಾಲ್ ಟಿಕೆಟ್‌ಗೆ ಓಟಿಪಿ ಬರೂದೂ ಅದಕ್ಕ.

ನನ್ನ ತ್ರಾಸ ಏನಂದ್ರ ನಾ ರೀಲ್ಸ್ ನೋಡಾಂವ ಅಲ್ಲ, ಗೇಮ್ ಆಡಾಂವ ಅಲ್ಲ, ಇನ್‌ಸ್ಟಾಗ್ರಾಮ್ ಫೋನ್‌ನಾಗ ಇಲ್ಲಾ ಇಲ್ಲ. ಆದ್ರೂ ಟೈಮ್ ಹೊಕ್ಕೇತಿ. ಹೆಂಗಂದ್ರ ಬೆಳಿಗ್ಗೆ ಪಂಚಾಯತ್ ರಾಜ್ ಓದಾಕ ಕುಂಡ್ರತೀನಿ, 73ನೇ ತಿದ್ದುಪಡಿದಾಗ ಒಂದ್ ಡೌಟ್ ಬರ್ತೇತಿ, ಸರ್ಚ್ ಹೊಡಿತೀನಿ, ಉತ್ತರ ಎರಡ್ ನಿಮಿಷದಾಗ ಸಿಗ್ತೇತಿ, ಆದ್ರ ಅದರ ಕೆಳಗ ಒಬ್ಬ ಟಾಪರ್‌ದ ಇಂಟರ್‌ವ್ಯೂ ಇರ್ತೇತಿ, ಅದನ್ನ ನೋಡಿದ್ರ ಅಂವ ಒಂದ್ ಬುಕ್‌ಲಿಸ್ಟ್ ಹೇಳ್ತಾನ, ಆ ಬುಕ್ ನನ್ ಕಡೆ ಇಲ್ಲಲ್ಲಾ ಅಂತ ಟೆಲಿಗ್ರಾಮ್‌ನಾಗ ಪಿಡಿಎಫ್ ಹುಡುಕ್ತೀನಿ, ಅಲ್ಲೆ ಯಾರೋ "ಈ ಸಲ ಕಟ್‌ಆಫ್ ಎಷ್ಟ್ ನಿಲ್ಲಬಹುದು" ಅಂತ ಪೋಲ್ ಹಾಕಿರ್ತಾರ, ಅದರ ಕೆಳಗ ಜಗಳ, ಆ ಜಗಳಾ ಓದಿ ಮುಗಸೂದ್ರಾಗ ಮೆಸ್ಸಿನ್ಯಾಗ ಚಪಾತಿ ಖಾಲಿ. ಇದ್ರಾಗ ಒಂದೂ ಟೈಮ್‌ಪಾಸ್ ಇಲ್ಲ ನೋಡ್ರಿ, ಎಲ್ಲಾ ಓದಿಗೆ ಸಂಬಂಧಪಟ್ಟದ್ದ. ಹಂಗಾಗಿ ಬೈಯ್ಕೊಳ್ಳಾಕೂ ಬರಂಗಿಲ್ಲ. ಸಂಜಿಗೆ ಲೆಕ್ಕ ಹಾಕಿದ್ರ ಪಂಚಾಯತ್ ರಾಜ್ ಹಂಗ ಕುಂತಿರ್ತೇತಿ.

ಆ್ಯಪ್‌ಗಳೂ ಹಾಕಿ ನೋಡೀನಿ. ಫೋನ್ ಮುಟ್ಟದಿದ್ರ ಸ್ಕ್ರೀನ್ ಮ್ಯಾಲ ಗಿಡಾ ಬೆಳಸೂ ಆ್ಯಪ್ ಹಾಕ್ದೆ, 25 ನಿಮಿಷ ಓದಿ ಸಣ್ಣ ಬ್ರೇಕ್ ತಗೊಳ್ಳೂ ಪೊಮೊಡೊರೊ ಮಾಡ್ದೆ, ಟೈಮ್ ಟೇಬಲ್‌ಗೆ ಬಣ್ಣ ಬಣ್ಣದ ಕ್ಯಾಲೆಂಡರ್ ಮಾಡ್ದೆ, ಆ ಕ್ಯಾಲೆಂಡರ್‌ಗೆ ಬಣ್ಣಾ ಆರಿಸೂದ್ರಾಗ ಒಂದ್ ಸಂಜಿ ಹೋತು. ಫೋನ್ ಇಟ್ಕೊಂಡ ಓದಿ ದಾಟಿದವ್ರು ಇದ್ರ ನೀವು ಖರೇ ಏನ್ ಮಾಡಿದ್ರಿ ಅಂತ ಹೇಳ್ರಿ. ಮತ್ತ ಕೀಪ್ಯಾಡ್ ಫೋನ್‌ಗೆ ಹೋದವ್ರು ಯಾರರ ಇದ್ರ ಅದೂ ಹೇಳ್ರಿ, ನಮ್ಮ ರೂಮ್‌ನಾಗ ಒಬ್ಬಂವ ತರತೀನಿ ಅನ್ನಾಕತ್ತಾನ.

---

ಹಳೇ_ಎಫ್‌ಡಿಎ

ತಮ್ಮಾ, ನಿನ್ನ ಪೋಸ್ಟಲ್ಲೇ ಉತ್ತರ ಇದೆ, ಡೌಟಿಗೆ ಉತ್ತರ ಎರಡು ನಿಮಿಷದಲ್ಲಿ ಸಿಕ್ತು ಅಂತ ನೀನೇ ಬರ್ದಿದೀಯ. ಹಾಳಾಗಿದ್ದು ಆಮೇಲಿನ ಟೈಮು. ಅಂದ್ರೆ ನೀನು ಹುಡುಕೋ ಕೆಲಸ ಮತ್ತೆ ಓದೋ ಕೆಲಸ ಎರಡನ್ನೂ ಒಂದೇ ಕೂತಲ್ಲಿ ಮಾಡ್ತಿದೀಯ. ಸಂತೆಗೆ ಹೋಗಿ ತರಕಾರಿ ತರೋದು ಬೇರೆ ಅಡುಗೆ ಮಾಡೋದು ಬೇರೆ, ಒಲೆ ಮೇಲೆ ಒಗ್ಗರಣೆ ಇಟ್ಟು ಕರಿಬೇವು ತರೋಕೆ ಸಂತೆಗೆ ಹೋದ್ರೆ ಏನಾಗುತ್ತೋ ಅದೇ ಆಗ್ತಿದೆ ನಿಂಗೆ.

ನಾನು ತಾಲ್ಲೂಕು ಆಫೀಸಲ್ಲಿ ಕೆಲಸ ಮಾಡ್ಕೊಂಡೇ ಇಲಾಖೆ ಪರೀಕ್ಷೆ, ಗ್ರೂಪ್ ಬಿ ಎಲ್ಲಾ ಬರ್ದವನು, ನನಗೆ ಸಿಗ್ತಾ ಇದ್ದಿದ್ದು ಬೆಳಿಗ್ಗೆ ಎರಡು ಗಂಟೆ ಮಾತ್ರ. ಅದಕ್ಕೆ ರಾತ್ರಿ ಊಟ ಆದ್ಮೇಲೆ ಅರ್ಧ ಗಂಟೆ ಫೋನ್ ಹಿಡ್ಕೊಂಡು ನಾಳೆ ಏನು ಬೇಕೋ ಅದಷ್ಟೇ ಇಳಿಸ್ಕೊಳ್ತಿದ್ದೆ. ಒಂದು ಕ್ಲಾಸ್ ವಿಡಿಯೋ ಡೌನ್‌ಲೋಡ್, ಒಂದು ಪಿಡಿಎಫ್, ಮುಗೀತು. ಬೆಳಿಗ್ಗೆ ಏರೋಪ್ಲೇನ್ ಮೋಡ್. ಓದುವಾಗ ಡೌಟ್ ಬಂದ್ರೆ ಪಕ್ಕದಲ್ಲಿ ಒಂದು ಹಾಳೆ ಇಟ್ಕೊಂಡು ಬರೀ, ಸರ್ಚ್ ಮಾಡ್ಬೇಡ. "73ನೇ ತಿದ್ದುಪಡಿ - ಜಾರಿಗೆ ಬಂದ ದಿನ?" ಅಂತ ಒಂದು ಗೆರೆ ಸಾಕು. ರಾತ್ರಿ ಅರ್ಧ ಗಂಟೆಯಲ್ಲಿ ಅಷ್ಟನ್ನೂ ಒಟ್ಟಿಗೆ ನೋಡು. ಮಜಾ ಏನಂದ್ರೆ ರಾತ್ರಿ ಹೊತ್ತಿಗೆ ಅರ್ಧ ಡೌಟಿಗೆ ಮುಂದಿನ ಪುಟದಲ್ಲೇ ಉತ್ತರ ಸಿಕ್ಕಿರುತ್ತೆ (ಅದು 1993 ಏಪ್ರಿಲ್ 24, ಈಗ ಸರ್ಚ್ ಮಾಡೋಕೆ ಹೋಗ್ಬೇಡ).

ಇನ್ನೊಂದು, ಎಷ್ಟು ಗಂಟೆ ಓದಿದೆ ಅನ್ನೋ ಲೆಕ್ಕ ಬಿಟ್ಬಿಡು. ಆ್ಯಪ್‌ಗಳೆಲ್ಲಾ ಗಂಟೆ ಎಣಿಸ್ತವೆ ಯಾಕಂದ್ರೆ ಅವಕ್ಕೆ ಎಣಿಸೋಕೆ ಬರೋದು ಅದೊಂದೇ. ನೀನು ಪುಸ್ತಕ ಮುಚ್ಚಿ ಎಷ್ಟು ಪ್ರಶ್ನೆಗೆ ಉತ್ತರ ಬರೆದೆ ಅದನ್ನ ಎಣಿಸು. ಇದು ನನ್ನ ಸ್ವಂತ ತಲೆಯಿಂದ ಬಂದಿದ್ದಲ್ಲ, 2006ರಲ್ಲಿ ಅಮೆರಿಕದ ರೋಡಿಗರ್ ಮತ್ತೆ ಕಾರ್ಪಿಕೆ ಅನ್ನೋರು ಕಾಲೇಜು ಹುಡುಗರ ಮೇಲೆ ಮಾಡಿದ ಪ್ರಯೋಗ ಇದೆ. ಒಂದು ಗುಂಪು ಪಾಠವನ್ನ ಎರಡು ಸಲ ಓದಿದ್ರು, ಇನ್ನೊಂದು ಗುಂಪು ಒಂದು ಸಲ ಓದಿ ಮುಚ್ಚಿಟ್ಟು ನೆನಪಾಗಿದ್ದನ್ನ ಬರೆದ್ರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದ್ರೆ ಎರಡು ಸಲ ಓದಿದವರೇ ಮುಂದೆ, ನೂರಕ್ಕೆ 81, ಬರೆದವರು 75. ಒಂದು ವಾರ ಬಿಟ್ಟು ನೋಡಿದ್ರೆ ಉಲ್ಟಾ, ಓದಿದವರು 42, ಬರೆದವರು 56. ವಿಡಿಯೋ ನೋಡಿದ್ರೆ ಅಯ್ಯೋ ಎಲ್ಲಾ ಅರ್ಥ ಆಯ್ತು ಅನ್ಸುತ್ತಲ್ಲ ಅದು ಆ ಐದು ನಿಮಿಷದ 81 ಅಷ್ಟೇ. ಕ್ಲಾಸ್ ಮುಗಿದ ತಕ್ಷಣ ಮುಂದಿನ ಕ್ಲಾಸಿಗೆ ಹೋಗದೆ ಖಾಲಿ ಹಾಳೆ ತಗೊಂಡು ಬರಿ, ಅಲ್ಲಿ ಗೊತ್ತಾಗುತ್ತೆ ಬಂಡವಾಳ.

ಪೊಮೊಡೊರೊ ಬಗ್ಗೆ ನನಗೆ ತಕರಾರಿದೆ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಅನ್ನೋರು 1980ರ ದಶಕದ ಕೊನೆಯಲ್ಲಿ ಕಾಲೇಜಲ್ಲಿ ಓದ್ತಾ ಇದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಕೊಂಡು ಶುರು ಮಾಡಿದ್ದು, ಕೂರೋಕೇ ಮನಸಿಲ್ಲದವರಿಗೆ ಒಳ್ಳೇದೇ. ಆದ್ರೆ ನಿನ್ನ ಪ್ರಿಲಿಮ್ಸ್ ಒಂದು ಪೇಪರ್ ಎರಡು ಗಂಟೆ, ನೂರು ಪ್ರಶ್ನೆ, ಒಂದಕ್ಕೆ 72 ಸೆಕೆಂಡು. ಮೇನ್ಸ್ ಒಂದೊಂದು ಪೇಪರ್ ಮೂರು ಗಂಟೆ ಕೈ ಬರಹ. 25 ನಿಮಿಷಕ್ಕೊಂದು ಬ್ರೇಕ್ ತಗೊಂಡು ರೂಢಿ ಆದವನು ಹಾಲಲ್ಲಿ 26ನೇ ನಿಮಿಷಕ್ಕೆ ಕಿಟಕಿ ನೋಡ್ತಾ ಕೂರ್ತಾನೆ. 25ರಿಂದ ಶುರು ಮಾಡು, ತಿಂಗಳು ತಿಂಗಳು ಏರಿಸ್ಕೊಂಡು ಹೋಗಿ ಎರಡು ಗಂಟೆಗೆ ತಗೊಂಡ್ ಹೋಗಿ ನಿಲ್ಲಿಸು.

---

ಗರಂ_ಚಹಾ_ಗುರು

ಎಲ್ಲಾ ನೆಪ ಗುರು. ಓದೋನು ಬೀದಿ ದೀಪದ ಕೆಳಗೂ ಓದ್ತಾನೆ. ನಮ್ ಕಾಲದಲ್ಲಿ ಫೋನೂ ಇರ್ಲಿಲ್ಲ ಕೋಚಿಂಗೂ ಇರ್ಲಿಲ್ಲ. ಮನಸ್ಸು ಗಟ್ಟಿ ಮಾಡ್ಕೋ ಸಾಕು.

---

ಬಗ್_ಫಿಕ್ಸ್_ಬಸಣ್ಣ

@ಗರಂ_ಚಹಾ_ಗುರು ಅಣ್ಣಾ ನಿಮ್ ಕಾಲದಲ್ಲಿ ಬೀದಿ ದೀಪದ ಕಂಬಕ್ಕೆ "ನಿಮಗಾಗಿ ಇನ್ನೊಂದು ವಿಡಿಯೋ" ಅಂತ ಬೋರ್ಡ್ ನೇತಾಕಿರ್ಲಿಲ್ಲ 😄 ಮನಸ್ಸು ಗಟ್ಟಿ ಮಾಡ್ಕೊಳ್ಳೋದು ಒಂದ್ ಕಡೆ, ಆ ಕಡೆ ಇನ್ನೂರು ಜನ ಇಂಜಿನಿಯರ್ಸ್ ಕೂತ್ಕೊಂಡು ಈ ಮನುಷ್ಯ ಇನ್ನೊಂದ್ ನಿಮಿಷ ಹೆಂಗ್ ಉಳ್ಕೋತಾನೆ ಅಂತಾನೇ ಲೆಕ್ಕ ಹಾಕ್ತಿರ್ತಾರೆ. ನಾನೂ ಅದೇ ಥರದ ಕೆಲಸ ಮಾಡೋನು (ಬೆಂಗಳೂರು, ವಿಡಿಯೋ ಕಂಪನಿ ಅಲ್ಲ ಬಿಡಿ), ಬಟನ್ ಬಣ್ಣ ಬದಲಾಯಿಸಿದ್ರೆ ಎಷ್ಟ್ ಜನ ಜಾಸ್ತಿ ಒತ್ತುತಾರೆ ಅಂತ ಎರಡೆರಡು ಬಣ್ಣ ಬಿಟ್ಟು ಎಣಿಸ್ತೀವಿ. ಕೆಳಗೆ ಎಳೆದಷ್ಟೂ ಮುಗಿಯದೇ ಬರ್ತಾ ಇರುತ್ತಲ್ಲ ಆ ಸ್ಕ್ರೋಲ್, ಅದನ್ನ 2006ರಲ್ಲಿ ಮಾಡಿದ ಏಜಾ ರಾಸ್ಕಿನ್ ಅನ್ನೋರೇ ಆಮೇಲೆ ಯಾಕಾದ್ರೂ ಮಾಡಿದ್ನೋ ಅಂತ ಪಶ್ಚಾತ್ತಾಪ ಪಟ್ಟಿದ್ದಾರೆ. ಮೊದ್ಲು ಪುಟ ಮುಗೀತಿತ್ತು, "ಮುಂದಿನ ಪುಟ" ಒತ್ಬೇಕಿತ್ತು, ಆ ಒತ್ತೋ ಗ್ಯಾಪಲ್ಲಿ ಸಾಕು ಎದ್ದೇಳೋಣ ಅನ್ನೋ ಬುದ್ಧಿ ಬರ್ತಿತ್ತು. ಈಗ ಆ ಗ್ಯಾಪೇ ಇಲ್ಲ.

ಸಪ್ತಾಪುರ ಬ್ರದರ್, ನಿಮ್ ವಿಷಯಕ್ಕೆ ಬರ್ತೀನಿ. ನಿಮ್ ಕಳ್ಳದಾರಿ ಸರ್ಚ್ ಅಲ್ಲ, ಸರ್ಚ್ ಕೆಳಗಡೆ ಬರೋ ಸಜೆಶನ್ನು. ಅದಕ್ಕೆ ಸೆಟ್ಟಿಂಗ್ಸ್ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಯೂಟ್ಯೂಬಲ್ಲಿ ವಾಚ್ ಹಿಸ್ಟರಿ ಆಫ್ ಮಾಡಿ, ಇರೋ ಹಿಸ್ಟರಿ ಅಳಿಸಿ. 2023ರ ಆಗಸ್ಟಿಂದ ಹಿಸ್ಟರಿ ಇಲ್ಲದವರಿಗೆ ಹೋಮ್ ಪೇಜ್ ಖಾಲಿ ಬರುತ್ತೆ, ಸರ್ಚ್ ಬಾರ್ ಬಿಟ್ರೆ ಏನೂ ಇರಲ್ಲ, ನೋಡಿದ್ರೆ ಆ್ಯಪ್ ಕೆಟ್ಟೋಯ್ತೇನೋ ಅನ್ಸುತ್ತೆ. ಮೊದಲ್ ಸಲ ನೋಡ್ದಾಗ ನಂಗೆ ನಿಜವಾಗ್ಲೂ ಖುಷಿ ಆಗಿತ್ತು. ಆಟೋಪ್ಲೇನೂ ಆಫ್. ವಿಡಿಯೋ ಕೆಳಗೆ ಬರೋ ಸಜೆಶನ್ ಪೂರ್ತಿ ಹೋಗಲ್ಲ, ಆದ್ರೆ ನಿಮ್ ಬಗ್ಗೆ ಗೊತ್ತಿಲ್ದೇ ಇರೋದ್ರಿಂದ ಅಷ್ಟು ಚುಚ್ಚಲ್ಲ.

ಎರಡ್ನೇದು ಆ್ಯಪ್ ಟೈಮರ್ ವೇಸ್ಟು. 2018ರಿಂದ ಆ್ಯಂಡ್ರಾಯ್ಡಲ್ಲೂ ಐಫೋನಲ್ಲೂ ಇದೆ, ನಾವೇ ಬೀಗ ಹಾಕಿ ಕೀಲಿ ನಮ್ ಜೇಬಲ್ಲೇ ಇಟ್ಕೊಂಡ್ರೆ ಏನ್ ಪ್ರಯೋಜನ, ಎರಡ್ನೇ ದಿನದಿಂದ ಕಣ್ಣು ನೋಡೋದ್ರೊಳಗೆ ಬೆರಳು ತೆಗ್ದಿರುತ್ತೆ. ಅದರ ಬದಲು ಫೋನಲ್ಲಿ ಎರಡ್ನೇ ಯೂಸರ್ ಮಾಡಿ (ಕೆಲವು ಫೋನಲ್ಲಿ ಸೆಕೆಂಡ್ ಸ್ಪೇಸ್ ಅಂತಿರುತ್ತೆ). ಅದರಲ್ಲಿ ಟೆಸ್ಟ್ ಸೀರೀಸ್ ಆ್ಯಪು, ಪಿಡಿಎಫ್ ರೀಡರು, ಡಿಕ್ಷನರಿ ಅಷ್ಟೇ. ಟೆಲಿಗ್ರಾಮ್ ಇಲ್ಲ ವಾಟ್ಸ್ಆ್ಯಪ್ ಇಲ್ಲ. ಆ ಕಡೆ ಹೋಗೋಕೆ ಮತ್ತೆ ಸ್ವಿಚ್ ಮಾಡಿ ಪಿನ್ ಹಾಕ್ಬೇಕು, ಆ ಹತ್ತು ಸೆಕೆಂಡೇ ನಿಮಗೆ ಬೇಕಾಗಿರೋ ಗ್ಯಾಪು.

@ಹಳೇ_ಎಫ್‌ಡಿಎ ಸರ್ ಹೇಳಿದ್ದು ಒಪ್ತೀನಿ ಆದ್ರೆ ಪೊಮೊಡೊರೊಗೆ ಅಷ್ಟು ಬೈಬೇಡಿ ಸರ್. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಗ್ಲೋರಿಯಾ ಮಾರ್ಕ್ ಅನ್ನೋ ಪ್ರೊಫೆಸರ್ ಜನ ಕಂಪ್ಯೂಟರ್ ಮುಂದೆ ಹೆಂಗೆ ಕೆಲಸ ಮಾಡ್ತಾರೆ ಅಂತ ಇಪ್ಪತ್ತು ವರ್ಷದಿಂದ ಅಳೀತಿದ್ದಾರೆ, 2004ರಲ್ಲಿ ಒಂದು ಸ್ಕ್ರೀನ್ ಮೇಲೆ ಸರಾಸರಿ ಎರಡೂವರೆ ನಿಮಿಷ ಗಮನ ನಿಲ್ತಿತ್ತು, ಈಚೆಗೆ ಬರೀ 47 ಸೆಕೆಂಡ್. ಅಂಥವರಿಗೆ 25 ನಿಮಿಷಾನೇ ಹಿಮಾಲಯ ಸರ್.

---

ಹಳೇ_ಎಫ್‌ಡಿಎ

@ಬಗ್_ಫಿಕ್ಸ್_ಬಸಣ್ಣ 47 ಸೆಕೆಂಡ್ ಅಂದ್ರೆ ಒಂದು ಪ್ರಶ್ನೆಗೆ ಸಿಗೋ 72ಕ್ಕಿಂತ ಕಮ್ಮಿ ಆಯ್ತಲ್ಲಪ್ಪ. ಇತ್ತೀಚೆಗೆ "ಈ ಕೆಳಗಿನ ಹೇಳಿಕೆಗಳನ್ನು ಪರಿಗಣಿಸಿ" ಅಂತ ನಾಲ್ಕು ಹೇಳಿಕೆ ಕೊಟ್ಟು ಕೇಳ್ತಾರೆ, ಮೂರನೇ ಹೇಳಿಕೆಗೆ ಬರೋ ಹೊತ್ತಿಗೆ ಮೊದಲನೇದು ಮರೆತಿರುತ್ತೆ ಅಂತ ಹುಡುಗರು ಹೇಳೋದು ಸುಮ್ನೆ ಅಲ್ಲ ಹಾಗಾದ್ರೆ. ನಾನು ಬೈತಿರೋದು 25ಕ್ಕೇ ನಿಂತುಬಿಡೋದಕ್ಕೆ ಅಷ್ಟೇ.

---

ಅತ್ತಿಗುಪ್ಪೆ_ಪಿಜಿ

ಎಲ್ಲರೂ ಯೂಟ್ಯೂಬ್ ಹಿಂದೆ ಬಿದ್ದಿದ್ದೀರಿ, ನಂಗನ್ಸೋದು ನಿಜವಾದ ಗಾಯ ಟೆಲಿಗ್ರಾಮು. ಅದೂ ಅಲ್ಲ, ಟೆಲಿಗ್ರಾಮನ್ನ ಗಂಟೆಗೆ ಹತ್ತು ಸಲ ತೆಗೆಯೋ ಹಾಗೆ ಮಾಡಿರೋ ಪರಿಸ್ಥಿತಿ. ಯೋಚನೆ ಮಾಡಿ, 2024ರ ಗೆಜೆಟೆಡ್ ಪ್ರೊಬೇಷನರ್ಸ್ (ಅದೇ ಕೆಎಎಸ್) 384 ಹುದ್ದೆಗೆ ಆಗಸ್ಟ್ 27ಕ್ಕೆ ಪ್ರಿಲಿಮ್ಸ್ ಆಯ್ತು, ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ತಪ್ಪು ಅಂತ ಗಲಾಟೆ ಆಯ್ತು, ಮತ್ತೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆ. ಆ ನಾಲ್ಕು ತಿಂಗಳು ಬೆಂಗಳೂರಿನ ವಿಜಯನಗರ ಚಂದ್ರಾ ಲೇಔಟ್ ಕಡೆ ಯಾವ ಲೈಬ್ರರಿಗೆ ಹೋದ್ರೂ ಪುಸ್ತಕ ತೆರೆದಿರ್ತಿತ್ತು, ಪಕ್ಕದಲ್ಲಿ ಫೋನ್ ಮೇಲ್ಮುಖ ಮಾಡಿ ಇಟ್ಟಿರ್ತಿದ್ರು, ಮರುಪರೀಕ್ಷೆ ಆಗುತ್ತಂತೆ, ಆಗಲ್ವಂತೆ, ಡೇಟ್ ಬಂತಂತೆ, ಮುಂದೆ ಹೋಯ್ತಂತೆ, ಯಾರೋ ಕೋರ್ಟಿಗೆ ಹೋದ್ರಂತೆ. ಒಬ್ರು ಫೋನ್ ತಗೊಂಡ್ರೆ ಇಡೀ ಸಾಲು ತಗೊಳ್ತಿತ್ತು. ಆಗ ಫೋನ್ ನೋಡ್ದೇ ಇದ್ದೋನು ಸನ್ಯಾಸಿ.

ಮನೋವಿಜ್ಞಾನ ಓದಿದವರಿಗೆ ಗೊತ್ತಿರುತ್ತೆ, ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ರು. ಕುಕ್ಕಿದಾಗೆಲ್ಲ ಕಾಳು ಸಿಕ್ಕಿದ್ರೆ ಪಾರಿವಾಳ, ಕಾಳು ಬರೋದು ನಿಂತ ಮೇಲೆ, ಬೇಗ ಬಿಟ್ಬಿಡುತ್ತೆ. ಯಾವಾಗ ಸಿಗುತ್ತೋ ಗೊತ್ತಿಲ್ಲ, ಒಮ್ಮೆ ಸಿಗುತ್ತೆ ಒಮ್ಮೆ ಇಲ್ಲ ಅಂತಾದ್ರೆ ಕುಕ್ತಾನೇ ಇರುತ್ತೆ, ಬೇಗ ನಿಲ್ಲಿಸೋದೇ ಇಲ್ಲ. ನೋಟಿಫಿಕೇಶನ್ ಕಾಯೋರ ಕಥೆ ಇದೇ. ಹತ್ತು ಸಲ ನೋಡಿದ್ರೆ ಹನ್ನೊಂದನೇ ಸಲ ಏನೋ ಬಂದಿರುತ್ತೆ, ಅದೊಂದಕ್ಕೋಸ್ಕರ ಮತ್ತೆ ಹತ್ತು ಸಲ.

ನಾನು ಕಂಡುಕೊಂಡಿದ್ದು ಏನಂದ್ರೆ ಡೇಟ್, ಅರ್ಜಿ, ಕೀ ಆನ್ಸರ್ ಇವ್ಯಾವೂ ನಾವು ಒಂದು ಗಂಟೆ ತಡವಾಗಿ ನೋಡಿದ್ರೆ ಕೈತಪ್ಪಿ ಹೋಗೋ ಸಂಗತಿ ಅಲ್ಲ. ಅರ್ಜಿಗೆ ವಾರಗಟ್ಟಲೆ ಟೈಮ್ ಕೊಡ್ತಾರೆ, ಆಕ್ಷೇಪಣೆಗೂ ದಿನಗಳ ಟೈಮ್ ಇರುತ್ತೆ. ದಿನಕ್ಕೊಂದು ಸಲ ರಾತ್ರಿ ಅಧಿಕೃತ ವೆಬ್‌ಸೈಟ್ ತೆಗೆದು ನೋಡಿ, ಬೆಳಿಗ್ಗೆ ಪೇಪರ್ ಹೇಗೂ ಓದ್ತೀರಿ, ಅಲ್ಲಿ ಬಂದೇ ಬರುತ್ತೆ. ನಿಮ್ ಪಿಜಿ ಪಕ್ಕದ ರೂಮಿನವನು ಹೇಗೂ ಬಾಗಿಲು ಬಡಿದು ಹೇಳ್ತಾನೆ, ಅದನ್ನ ಯಾವ ಫೋಕಸ್ ಮೋಡೂ ತಡೆಯಲ್ಲ.

ಆಮೇಲೆ ಪಿಡಿಎಫ್ ಕೂಡಿಡೋ ಚಟ. ಟೆಲಿಗ್ರಾಮ್ ಗ್ರೂಪಿಗೆ ಎರಡು ಲಕ್ಷ ಜನ ಸೇರಬಹುದು, ಅಷ್ಟು ಜನ ಸೇರಿ ದಿನಾ ಸುರೀತಾರೆ. ಕರ್ನಾಟಕ ಆರ್ಥಿಕ ಸಮೀಕ್ಷೆ ಇಡೀದು ಬರುತ್ತೆ ನೂರಾರು ಪುಟ, ಅದರ ಸಾರಾಂಶ ಬರುತ್ತೆ, ಸಾರಾಂಶದ ಒನ್‌ಲೈನರ್ ಬರುತ್ತೆ, ಒನ್‌ಲೈನರ್‌ನ ಹ್ಯಾಂಡ್‌ರಿಟನ್ ನೋಟ್ಸ್ ಬರುತ್ತೆ, ನಾಲ್ಕೂ ಸೇವ್ ಮಾಡ್ಕೊಂಡು ಮಲಗಿದ್ರೆ ಕೆಲಸ ಆಯ್ತು ಅನ್ನೋ ನೆಮ್ಮದಿ. ನಾನು ಒಂದು ರೂಲ್ ಇಟ್ಕೊಂಡಿದೀನಿ, ಪ್ರಿಂಟ್ ಹಾಕ್ಸೋಕೆ ದುಡ್ಡು ಕೊಡೋಷ್ಟು ಬೇಕು ಅನ್ಸಿದ್ರೆ ಮಾತ್ರ ಇಳಿಸೋದು. ಜೆರಾಕ್ಸ್ ಅಂಗಡಿಯವನಿಗೆ ದುಡ್ಡು ಕೊಡ್ಬೇಕು ಅಂದಾಗ ಎಷ್ಟು ಪಿಡಿಎಫ್ ಬೇಡ ಅನ್ಸುತ್ತೆ ಅಂತ ನೋಡಿ. ಸಮೀಕ್ಷೇಲಿ ಎರಡು ಅಧ್ಯಾಯ ಹಾಕ್ಸಿದೆ, ಅಂಚಲ್ಲಿ ಗೀಚಿದೀನಿ, ಅದು ನೆನಪಿದೆ. ಪರ್ಸಂಟೇಜ್ ಎಲ್ಲಾ ಪುಟದ ಎಡಗಡೆ ಮೇಲೆ ಇತ್ತು, ಬಲಗಡೆ ಕೆಳಗೆ ಇತ್ತು ಅಂತ ಜಾಗದ ಸಮೇತ ಕಣ್ಮುಂದೆ ಬರುತ್ತೆ. ಫೋನಲ್ಲಿ ಉಜ್ಜಿ ಉಜ್ಜಿ ಓದಿದ್ದಕ್ಕೆ ಜಾಗಾನೇ ಇರಲ್ಲ.

---

ಶಾಲೆ_ಟೀಚರ್_ಶಿವಮೊಗ್ಗ

ನಾನೊಂದು ಬೇರೆ ಥರದ ಮಾತು ಹೇಳ್ಲಾ? ಇಲ್ಲಿ ಬರೆದವರಿಗೆಲ್ಲ ಓದೋಕೆ ಅಂತ ಒಂದು ಜಾಗ ಒಂದು ಹೊತ್ತು ಇದೆ, ಅದನ್ನ ಫೋನ್ ಕದೀತಿದೆ ಅನ್ನೋದು ನಿಮ್ಮ ಕಷ್ಟ. ನನಗೆ ಹೊತ್ತನ್ನ ಕೊಟ್ಟಿದ್ದೇ ಫೋನು ಕಣ್ರೀ. ಪ್ರೈಮರಿ ಶಾಲೆ ಕೆಲಸ, ಮನೇಲಿ ಅತ್ತೆ, ಎರಡು ಮಕ್ಕಳು, ದೊಡ್ಡವಳು ಆರನೇ ಕ್ಲಾಸು. ಪ್ರೌಢಶಾಲೆ ಟೀಚರ್ ನೇಮಕಾತಿಗೆ ಓದ್ತಾ ಇದೀನಿ. ಟೇಬಲ್ ಮುಂದೆ ಕೂತು ಓದೋ ಹೊತ್ತು ಅಂತ ನನಗೆ ಸಿಗೋದು ಎಲ್ಲರೂ ಮಲಗಿದ ಮೇಲೆ, ಅಷ್ಟೊತ್ತಿಗೆ ಕಣ್ಣು ತಾನಾಗೇ ಮುಚ್ಚುತ್ತೆ.

ನಾನು ಮಾಡೋದು ಇಷ್ಟು. ಭಾನುವಾರ ಸಿಲಬಸ್ಸಿನ ಒಂದು ಭಾಗ ನನ್ನ ನೋಟ್ಸಲ್ಲಿ ಬರ್ಕೋತೀನಿ, ಅದನ್ನ ನಾನೇ ಜೋರಾಗಿ ಓದಿ ಫೋನಿನ ರೆಕಾರ್ಡರಲ್ಲಿ ರೆಕಾರ್ಡ್ ಮಾಡ್ಕೋತೀನಿ. ಸುಮ್ನೆ ಓದೋದಲ್ಲ, ಪ್ರಶ್ನೆ ಕೇಳಿ ಹತ್ತು ಸೆಕೆಂಡ್ ಸುಮ್ನಿದ್ದು ಆಮೇಲೆ ಉತ್ತರ ಹೇಳೋದು. "ಮನೋವಿಜ್ಞಾನಿ ಪಿಯಾಜೆ ಹೇಳಿದ, ಮಕ್ಕಳ ಬುದ್ಧಿ ಬೆಳವಣಿಗೆಯ ಮೂರ್ತ ಕಾರ್ಯ ಹಂತ ಎಷ್ಟು ವಯಸ್ಸಿಂದ ಎಷ್ಟಕ್ಕೆ?" ಸುಮ್ನೆ. "ಏಳರಿಂದ ಹನ್ನೊಂದು." ಅದನ್ನ ಬಸ್ಸಲ್ಲಿ ಕೇಳ್ತೀನಿ, ಬೆಳಿಗ್ಗೆ ರೊಟ್ಟಿ ತಟ್ಟುವಾಗ ಕೇಳ್ತೀನಿ, ಆ ಹತ್ತು ಸೆಕೆಂಡಲ್ಲಿ ಉತ್ತರ ನಾನೇ ಹೇಳ್ಬೇಕು. ನಮ್ಮತ್ತೆ ಮೊದಮೊದಲು ಇವಳಿಗೇನಾಯ್ತು ಒಬ್ಬಳೇ ಮಾತಾಡ್ಕೊಳ್ತಾಳೆ ಅಂತಿದ್ರು, ಈಗ ಅವರಿಗೇ ಉತ್ತರ ಬರುತ್ತೆ, ಪಿಯಾಜೆ ವೈಗೋಟ್‌ಸ್ಕಿ ಎಲ್ಲಾ ಹೇಳ್ತಾರೆ. @ಹಳೇ_ಎಫ್‌ಡಿಎ ಸರ್ ಹೇಳಿದ ಪ್ರಯೋಗದ ವಿಷಯ ನಂಗೆ ಗೊತ್ತಿರ್ಲಿಲ್ಲ, ಆದ್ರೆ ಇದೂ ಅದೇ ಅಲ್ವಾ ಸರ್, ಹಾಳೆ ಬದಲು ಬಾಯಲ್ಲಿ.

ನನ್ನ ಹೊತ್ತು ತಿನ್ನೋದು ಓದಿನ ಆ್ಯಪ್ ಅಲ್ಲ, ಕೆಲಸದ ವಾಟ್ಸ್ಆ್ಯಪ್ ಗ್ರೂಪುಗಳು. ರಾತ್ರಿ ಎಂಟೂವರೆಗೆ "ತುರ್ತು, ಈ ಕೂಡಲೇ" ಅಂತ ಒಂದು ನಮೂನೆ ಬರುತ್ತೆ, ಅದನ್ನ ತುಂಬಿ ಕಳಿಸಿದ್ರೆ ಅದರ ಎಕ್ಸೆಲ್ ಬೇಕು ಅಂತಾರೆ, ಎಕ್ಸೆಲ್ ಕಳಿಸಿದ್ರೆ ಫೋಟೋ ಎಲ್ಲಿ ಅಂತಾರೆ. ಮೊದಲಾಗಿದ್ರೆ ಸುತ್ತೋಲೆ ಕಾಗದದಲ್ಲಿ ಬರ್ತಿತ್ತು, ಬರೋಕೇ ಎರಡು ದಿನ, ಉತ್ತರಕ್ಕೆ ಎರಡು ದಿನ. ಕಳಿಸೋದು ಸುಲಭ ಆದ್ಮೇಲೆ ಕೇಳೋದೂ ಸುಲಭ ಆಗೋಯ್ತು. ಉಳಿದ ಟೈಮು ಉಳಿಸಿದವರ ಕೈಗೆ ಬರ್ಲಿಲ್ಲ, ಕೇಳೋರ ಕೈಗೆ ಹೋಯ್ತು. ಇದಕ್ಕೆ ಯಾವ ಫೋಕಸ್ ಮೋಡ್ ಹಾಕ್ಲಿ ಹೇಳಿ. ನಾವು ನಾಲ್ಕು ಜನ ಟೀಚರ್ಸ್ ಸೇರಿ ಮಾಡ್ಕೊಂಡಿರೋದು ಏನಂದ್ರೆ ಸರದಿ. ಒಂದೊಂದು ದಿನ ಒಬ್ಬರು ಗ್ರೂಪ್ ನೋಡೋದು, ನಿಜವಾಗ್ಲೂ ತುರ್ತು ಇದ್ರೆ ಆ ಒಬ್ಬರು ಉಳಿದ ಮೂವರಿಗೆ ಕಾಲ್ ಮಾಡೋದು. ಹೆಡ್‌ಮಾಸ್ಟರ್ ಒಪ್ಪಿದ್ರು, ಅದೇ ದೊಡ್ಡದು. ಕಾಲ್ ಬಂದಿದ್ದು ತೀರಾ ಕಮ್ಮಿ.

---

ಸಪ್ತಾಪುರ_ರೂಮ್‌ಮೇಟ್

ಇಷ್ಟ್ ಬರ್ತಾವಂತ ಅನ್ಕೊಂಡಿರ್ಲಿಲ್ರಿ, ಎಲ್ಲಾರಿಗೂ ಥ್ಯಾಂಕ್ಸ್. @ಬಗ್_ಫಿಕ್ಸ್_ಬಸಣ್ಣ ಅಣ್ಣಾ, ಹಿಸ್ಟರಿ ಅಳಸಿದೆ, ಹೋಮ್ ಪೇಜ್ ಖರೇನ ಬೋಳ ಆತು. ನಮ್ಮ ರೂಮ್‌ನವ ನೋಡಿ ನೆಟ್ ಹೋತೇನಲೇ ಅಂದ. @ಶಾಲೆ_ಟೀಚರ್_ಶಿವಮೊಗ್ಗ ಅಕ್ಕಾರ, ಪ್ರಶ್ನಿ ರೆಕಾರ್ಡ್ ಮಾಡೂದು ಬಾಳ ಚಲೋ ಐತ್ರಿ, ನಾವು ಇಬ್ಬರೂ ಒಬ್ಬರಿಗೊಬ್ಬರು ಮಾಡಿ ಕೊಡೂದಂತ ಮಾತಾಡ್ಕೊಂಡೀವಿ, ಅಂವಗ ಇತಿಹಾಸ ಚಲೋ ಬರ್ತೇತಿ ನನಗ ಪಾಲಿಟಿ. ಹಾಳಿಮ್ಯಾಲೆ ಡೌಟ್ ಬರಿಯೂದು ಶುರು ಮಾಡೇನಿ ಸರ್, ನಿನ್ನೆ ಬರದ ಡೌಟ್‌ನ್ಯಾಗ ಅರ್ಧ ರಾತ್ರಿಗೆ ಡೌಟ ಅಲ್ಲ ಅನಸ್ತು.

ಟೆಲಿಗ್ರಾಮ್ ಒಂದ ಇನ್ನೂ ಬಿಡಾಕ ಆಗವಲ್ತು ನೋಡ್ರಿ, ಅದನ್ನ ಖರೇ ಹೇಳ್ತೀನಿ. ಮತ್ತ ಕೀಪ್ಯಾಡ್ ಫೋನ್ ಪ್ರಶ್ನೆಕ್ಕ ಯಾರೂ ಹೇಳಲಿಲ್ಲ.

---

ವಿಜಯಪುರ_ಜ್ವಾಳದರೊಟ್ಟಿ

ಕೀಪ್ಯಾಡಿಗೆ ನಾ ಹೋಗೀನಿ ದೋಸ್ತ, ಪೂರಾ ಹೋಗಬ್ಯಾಡ. ಯುಪಿಐ ಆ್ಯಪ್‌ಗೆ ಬ್ಯಾಂಕಿನಾಗ ಕೊಟ್ಟ ನಂಬರಿನ ಸಿಮ್ ಅದ ಫೋನಿನಾಗ ಬೇಕ್ ಆಗ್ತದ, ಸಿಮ್ ತಗದು ಕೀಪ್ಯಾಡಿಗೆ ಹಾಕಿದ್ರ ಮೆಸ್ಸಿನ್ಯಾಂವಗ ರೊಕ್ಕ ಕೊಡೂ ಹೊತ್ತಿಗೆ ಮಾರಿ ಮಾರಿ ನೋಡ್ಕೋಂತ ನಿಂದರ್ತಿ. ಕೀಪ್ಯಾಡ್ ಫೋನಿಗಂತ 2022ರಾಗ ಯುಪಿಐ 123ಪೇ ಅಂತ ಬಿಟ್ಟಾರ, ಫೋನ್ ಹಚ್ಚಿ ನಂಬರ್ ಒತ್ತಿ ಕಳಸೂದು, ಆಗ್ತದ, ಆದ್ರ ಹಿಂದ ನಿಂತಾವ್ರು ಬೈತಾರ. ಹಂಗಾಗಿ ನಾ ಎರಡ್ ಸಿಮ್ ಮಾಡೀನಿ. ಬ್ಯಾಂಕಿನ ಸಿಮ್ ದೊಡ್ಡ ಫೋನಿನಾಗ, ಅದು ರೂಮಿನಾಗ ಟ್ರಂಕಿನಾಗ ಇರ್ತದ. ಮನ್ಯಾವ್ರಿಗಷ್ಟ ಕೊಟ್ಟ ನಂಬರ್ ಕೀಪ್ಯಾಡಿನಾಗ, ಅದನ್ನ ಲೈಬ್ರರಿಗೆ ಒಯ್ತೀನಿ. ಕಿಸೆದಾಗ ನೂರು ಇನ್ನೂರು ನೋಟ್ ಇಟ್ಕೊ. ಓಟಿಪಿ ಗೀಟಿಪಿ ಅಂದ್ರ ಸಂಜಿಗೆ ರೂಮಿಗೆ ಬಂದ ಮ್ಯಾಲ.

ಒಂದ ಗಮನದಾಗ ಇಟ್ಕೊ, ಕೀಪ್ಯಾಡ್ ಒಯ್ದ ಮೊದಲ ವಾರ ಕೈ ಸುಮ್ಮ ಸುಮ್ಮಕ ಕಿಸೆಕ್ಕ ಹೋಗ್ತದ, ಅದು ತಗದು ಹಾವಿನ ಗೇಮ್ ಆಡಸ್ತದ 😂 ಆ ಗೇಮ್ ಇಲ್ಲದ್ದು ನೋಡಿ ತಗೊ.

---

ಸಪ್ತಾಪುರ_ರೂಮ್‌ಮೇಟ್

😂😂 ಗೇಮ್ ಇಲ್ಲದ್ದ ತರಾಕ ಹೇಳ್ತೀನಿ ಅಂವಗ. ಎರಡನೇ ಸಿಮ್ ರಿಚಾರ್ಜ್ ಬ್ಯಾರೆ ಆಕ್ಕೇತಿ, ಅದನ್ನ ನೋಡ್ಬೇಕು. ಕಡೀಕ ಒಂದ ಕೇಳ್ತೀನಿ, ನಮ್ಮವ್ವಗ ಬಿಪಿ ಐತ್ರಿ, ಊರಿಂದ ಯಾವಾಗ ಫೋನ್ ಬರ್ತೇತಿ ಗೊತ್ತಿಲ್ಲ. ಏರೋಪ್ಲೇನ್ ಮೋಡ್ ಹಾಕಿದ್ರ ಅದಾ ಚಿಂತಿ, ಅದನ್ನ ನೋಡಾಕಂತ ತಗದು ಮತ್ತ ಒಳಗ ಹೋಗಿಬಿಡ್ತೀನಿ.

---

ಬಗ್_ಫಿಕ್ಸ್_ಬಸಣ್ಣ

ಅದಕ್ಕೆ ಏರೋಪ್ಲೇನ್ ಬೇಡ ಬ್ರದರ್. ಮೊಬೈಲ್ ಡೇಟಾ, ವೈಫೈ ಎರಡೂ ಆಫ್ ಮಾಡಿ ಡು ನಾಟ್ ಡಿಸ್ಟರ್ಬ್ ಹಾಕಿ, ಅದರೊಳಗೆ ಕಾಲ್ಸ್ ಅಂತ ಇರುತ್ತೆ, "ಸ್ಟಾರ್ ಮಾಡಿದ ಕಾಂಟ್ಯಾಕ್ಟ್ಸ್ ಮಾತ್ರ" ಅಂತ ಆರಿಸಿ. ಅಮ್ಮ, ಅಪ್ಪ, ಊರಲ್ಲಿ ಪಕ್ಕದ ಮನೆಯವರು ಒಬ್ಬರು, ಮೂರು ನಂಬರಿಗೆ ಸ್ಟಾರ್ ಹಾಕಿ. ಅವರ ಕಾಲ್ ಮಾತ್ರ ರಿಂಗ್ ಆಗುತ್ತೆ. ಅಲ್ಲೇ ಕೆಳಗೆ ರಿಪೀಟ್ ಕಾಲರ್ಸ್ ಅಂತ ಇನ್ನೊಂದಿದೆ, ಅದನ್ನೂ ಆನ್ ಮಾಡಿ, ಆ್ಯಂಡ್ರಾಯ್ಡಲ್ಲಿ ಅದೇ ನಂಬರಿಂದ 15 ನಿಮಿಷದೊಳಗೆ ಎರಡನೇ ಸಲ ಮಾಡಿದ್ರೆ ಯಾರೇ ಆಗ್ಲಿ ರಿಂಗ್ ಆಗುತ್ತೆ, ಆಸ್ಪತ್ರೆಯಿಂದಲೋ ಬೇರೆಯವರ ಫೋನಿಂದಲೋ ಮಾಡಿದ್ರೂ ಗೊತ್ತಾಗುತ್ತೆ. ಅವ್ವನಿಗೆ ಹೇಳಿಡಿ, ಬೇರೆ ನಂಬರಿಂದ ಮಾಡಿಸೋದಾದ್ರೆ ಎರಡು ಸಲ ಮಾಡಿಸಿ ಅಂತ. ಆಮೇಲೆ ಫೋನ್ ರಿಂಗ್ ಫುಲ್ ಸೌಂಡ್ ಇಟ್ಟು ರೂಮಿನ ಇನ್ನೊಂದು ಮೂಲೇಲಿ, ಕೈಗೆ ಸಿಗದ ಹಾಗೆ ಚಾರ್ಜಿಗೆ ಹಾಕಿ. ಹಾಕೋ ಮುಂಚೆ ಒಂದ್ಸಲ ಟೆಸ್ಟ್ ಮಾಡಿ ನೋಡಿ, ಕೆಲವು ಫೋನಲ್ಲಿ ಈ ಸೆಟ್ಟಿಂಗ್ ಹೆಸರು ಬೇರೆ ಇರುತ್ತೆ, ಸಿಗ್ಲಿಲ್ಲ ಅಂದ್ರೆ ಮಾಡೆಲ್ ಹೇಳಿ, ಎಲ್ಲಿದೆ ಅಂತ ಹುಡುಕಿ ಹೇಳ್ತೀನಿ.